ದಿನಕ್ಕೆ ಇನ್ನೂರು ಅಂಕದ ಮರ್ಯಾದೆ

ಮೊದಲು ನಿಮ್ಮ ಬೆಲೆ ತಿಳಿದುಕೊಳ್ಳಿ. ಅದು ಒಂದು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹೊಸದಾಗಿ ಹೆಸರು ಬರೆಸಿದವರಿಗೆ ಸಿಗುವುದು ಒಂದೇ ಅಂಕ. ಐಐಎಸ್‌ಸಿಯಲ್ಲಿ ಪಾಠ ಹೇಳುವವರಿಗೂ ಒಂದು, ಮೊನ್ನೆ ಡಿಪ್ಲೊಮಾ ಮುಗಿಸಿ ಪಿ.ಜಿ.ಯಲ್ಲಿ ಮಂಚ ಹಿಡಿದ ಹುಡುಗನಿಗೂ ಒಂದು. ಈ ಸಮಾನತೆ ಕಂಡು ಕಣ್ಣು ತುಂಬಿಕೊಳ್ಳಬೇಡಿ. ಅದು ಹೆಚ್ಚು ಹೊತ್ತು ಇರುವುದಿಲ್ಲ. ಇದ್ದರೆ ಈ ಕೈಪಿಡಿಗೆ ಕೆಲಸವೂ ಇಲ್ಲ.

ಹೊರಗಿನವರಿಗಾಗಿ ಎರಡು ಮಾತು. ಇದು 2008ರಲ್ಲಿ ಅಮೆರಿಕದ ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪಾಲ್ಸ್ಕಿ ಶುರುಮಾಡಿದ ತಾಣ. ಪ್ರೋಗ್ರಾಂ ಬರೆಯುವವರು ಇಲ್ಲಿ ಪ್ರಶ್ನೆ ಕೇಳುತ್ತಾರೆ, ಪ್ರೋಗ್ರಾಂ ಬರೆಯುವವರೇ ಉತ್ತರ ಕೊಡುತ್ತಾರೆ, ಮಿಕ್ಕವರು ಬಂದು ಉತ್ತರವನ್ನು ಕಾಪಿ ಮಾಡಿಕೊಂಡು ಹೋಗುತ್ತಾರೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳು ಈ ಮೂರನೆಯ ಬಳಗಕ್ಕೆ ಎಷ್ಟು ಋಣಿ ಎಂದು ಇಲ್ಲಿ ಬಿಡಿಸಿ ಹೇಳುವುದು ಬೇಡ. ಉತ್ತರ ಬರೆದವರಿಗೆ ಸಂಬಳವಿಲ್ಲ. ಅದರ ಬದಲು ಅಂಕ. ಪೂರ್ತಿ ಹೆಸರು ರೆಪ್ಯುಟೇಶನ್, ಬಾಯಿಮಾತಿನಲ್ಲಿ ರೆಪ್. ಹೆಸರಿನ ಪಕ್ಕದಲ್ಲೇ ನಿಮ್ಮ ಯೋಗ್ಯತೆಯನ್ನು ಅಂಕಿಯಲ್ಲಿ ಅಚ್ಚು ಹಾಕಿರುತ್ತಾರೆ. ನೆಂಟರಿಷ್ಟರು ಮದುವೆ ಮನೆಯಲ್ಲಿ ಸುತ್ತಿ ಬಳಸಿ ಕೇಳುವುದನ್ನು ಇಲ್ಲಿ ನೇರವಾಗಿ ಓದಿಕೊಳ್ಳಬಹುದು.

ದರಪಟ್ಟಿ ಬಾಯಿಪಾಠ ಮಾಡಿ. ನಿಮ್ಮ ಉತ್ತರವನ್ನು ಒಬ್ಬರು ಮೆಚ್ಚಿ ಅಪ್‌ವೋಟ್ ಹಾಕಿದರೆ ಹತ್ತು. ಪ್ರಶ್ನೆ ಕೇಳಿದವರು ‘ಇದೇ ಸರಿ’ ಎಂದು ಹಸಿರು ಗುರುತು ಹಾಕಿದರೆ ಹದಿನೈದು. ಗುರುತು ಹಾಕಿದವರಿಗೂ ಎರಡು. ಯಾರಾದರೂ ಡೌನ್‌ವೋಟ್ ಹಾಕಿದರೆ ಎರಡು ಹೋಗುತ್ತದೆ. ಪ್ರಶ್ನೆಗೆ ಬೀಳುವ ಅಪ್‌ವೋಟಿಗೂ ಈಗ ಹತ್ತೇ. 2010ರಿಂದ 2019ರವರೆಗೆ ಅದು ಐದಿತ್ತು. ಕೇಳುವವನು ಹೇಳುವವನ ಅರ್ಧ ಎಂಬ ಆ ಕಾಲದ ತಿಳಿವಳಿಕೆಯನ್ನು ಆಮೇಲೆ ತಿದ್ದಿದರು. ನೀವು ತಿದ್ದಿಕೊಳ್ಳಬೇಕಾಗಿಲ್ಲ. ಎಷ್ಟೇ ಪೆಟ್ಟು ತಿಂದರೂ ಅಂಕ ಒಂದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಇಷ್ಟು ಭದ್ರತೆ ನಿಮ್ಮ ನೌಕರಿಯಲ್ಲೂ ಇಲ್ಲ.

ಇನ್ನು ದಿನಚರಿ. ಮತಗಳಿಂದ ಒಂದು ದಿನಕ್ಕೆ ಗಳಿಸಬಹುದಾದದ್ದು ಹೆಚ್ಚೆಂದರೆ ಇನ್ನೂರು. ಇಪ್ಪತ್ತು ಜನ ಮೆಚ್ಚಿದ ಮೇಲೆ ಇಪ್ಪತ್ತೊಂದನೆಯವನ ಮೆಚ್ಚುಗೆ ಗಾಳಿಗೆ ಹೋಗುತ್ತದೆ. ಅಲ್ಲಿನ ದಿನ ಗ್ರೀನಿಚ್ ಗಡಿಯಾರದ್ದು. ನಮ್ಮ ಲೆಕ್ಕದಲ್ಲಿ ಬೆಳಗಿನ ಐದೂವರೆಗೆ ಹುಟ್ಟುತ್ತದೆ. ಆದ್ದರಿಂದ ಐದೂವರೆಗೆ ಏಳಿ. ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಇರಲಿ, ಮೊದಲು ನಿನ್ನೆಯ ಇನ್ನೂರು ತುಂಬಿತೇ ನೋಡಿ. ನೂರತೊಂಬತ್ತಕ್ಕೆ ನಿಂತಿದ್ದರೆ ಆ ದಿನವನ್ನು ಹಾಳಾದದ್ದೆಂದು ಬರೆದುಕೊಳ್ಳಿ. ಮನೆಯವರು ಏನಾಯಿತು ಎಂದು ಕೇಳಿದರೆ ಸಿಟ್ಟಾಗಬೇಡಿ. ಅವರಿಗೆ ಅಂಕವಿಲ್ಲ, ಅರ್ಥವಾಗುವುದಿಲ್ಲ.

ಹಸಿರು ಗುರುತಿನ ಹದಿನೈದು ಮತ್ತು ಮುಂದೆ ಹೇಳಲಿರುವ ಬೌಂಟಿ ಈ ಮಿತಿಗೆ ಹೊರಗೆ. ಇದರ ಮಹತ್ವ ತಿಳಿಯಲು ಸಣ್ಣ ಲೆಕ್ಕ ಮಾಡಿ. ಹತ್ತು ಲಕ್ಷವನ್ನು ಇನ್ನೂರರಿಂದ ಭಾಗಿಸಿದರೆ ಐದು ಸಾವಿರ ದಿನ, ಅಂದರೆ ಹದಿಮೂರೂವರೆ ವರ್ಷಕ್ಕೂ ಹೆಚ್ಚು. ಇಂಗ್ಲೆಂಡಿನ ಜಾನ್ ಸ್ಕೀಟ್ ಎಂಬ ಎಂಜಿನಿಯರ್ 2008ರಲ್ಲಿ ಸೇರಿ 2018ರ ಜನವರಿಯಲ್ಲೇ ಹತ್ತು ಲಕ್ಷ ಮುಟ್ಟಿದರು, ಎಲ್ಲರಿಗಿಂತ ಮೊದಲು. ಸಿ ಶಾರ್ಪ್ ಭಾಷೆಯ ಮೇಲೆ ಪುಸ್ತಕ ಬರೆದವರು, ಗೂಗಲ್‌ನಲ್ಲಿ ಕೆಲಸ. ಅವರು ವಿಷಯ ಚೆನ್ನಾಗಿ ತಿಳಿದು, ಸಮಾಧಾನದಿಂದ ಬಿಡಿಸಿ ಬರೆಯುತ್ತಾರೆಂದು ಜನ ಹೇಳುತ್ತಾರೆ. ಇದು ಬಹಳ ಸುತ್ತಿನ ದಾರಿ. ನೀವು ಹಿಡಿಯಬೇಡಿ.

ಹತ್ತಿರದ ದಾರಿ ಹೀಗಿದೆ. ಸುಲಭದ ಪ್ರಶ್ನೆ ಹುಡುಕಿ. ಕಷ್ಟದ ಪ್ರಶ್ನೆ ಓದುವವರು ಕಡಿಮೆ, ಉತ್ತರ ಸರಿಯೇ ಎಂದು ಅರಿಯಬಲ್ಲವರು ಇನ್ನೂ ಕಡಿಮೆ. ಮೂರು ರಾತ್ರಿ ಕೂತು ಬಿಡಿಸಿದರೂ ಒಂದು ಅಪ್‌ವೋಟ್ ಬಿದ್ದರೆ ಪುಣ್ಯ. ವಿಮ್ ಎಂಬ ಎಡಿಟರಿನಿಂದ ಹೊರಗೆ ಬರುವುದು ಹೇಗೆಂದು 2012ರಲ್ಲಿ ಯಾರೋ ಕೇಳಿದರು. ಉತ್ತರ ನಾಲ್ಕಾರು ಕೀ ಒತ್ತುವಷ್ಟೇ. 2017ರ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಆ ಪುಟಕ್ಕೆ ಬಂದಿದ್ದರೆಂದು ತಾಣವೇ ಹೆಮ್ಮೆಯಿಂದ ಹೇಳಿಕೊಂಡಿತು. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನದಲ್ಲಿ ಕೊನೆಗೆ ಮಾಡಿದ ಕಮಿಟ್ ಅನ್ನು, ಅಂದರೆ ಕೊನೆಯ ದಾಖಲೆಯನ್ನು, ರದ್ದು ಮಾಡುವುದು ಹೇಗೆ ಎಂಬ 2009ರ ಪ್ರಶ್ನೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತ ಬಿದ್ದಿದೆ. ಮನುಷ್ಯರು ಎಲ್ಲಿ ಪದೇ ಪದೇ ಎಡವುತ್ತಾರೋ ಅಲ್ಲೇ ಅಂಗಡಿ ತೆರೆಯಿರಿ.

ಇದಕ್ಕೆ ಒಂದು ಅಪವಾದವಿದೆ, ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಜೋಡಿಸಿಟ್ಟ ಅಂಕಿಗಳ ಸಾಲನ್ನು ಕಂಪ್ಯೂಟರ್ ಜೋಡಿಸದ ಸಾಲಿಗಿಂತ ಬೇಗ ಸಂಸ್ಕರಿಸುವುದೇಕೆ ಎಂದು 2012ರಲ್ಲಿ ಒಬ್ಬರು ಕೇಳಿದರು. ಪ್ರೊಸೆಸರ್ ಮುಂದಿನ ಕವಲನ್ನು ಮೊದಲೇ ಊಹಿಸಿಕೊಂಡು ಓಡುತ್ತದೆ, ಊಹೆ ತಪ್ಪಿದಾಗ ಹಿಂದೆ ಬರಬೇಕಾಗುತ್ತದೆ ಎಂಬುದನ್ನು ರೈಲುಹಳಿ ಕವಲೊಡೆಯುವ ಚಿತ್ರ ಹಾಕಿ ಇನ್ನೊಬ್ಬರು ವಿವರಿಸಿದರು. ಮತಗಳ ರಾಶಿಯೇ ಬಿತ್ತು. ಓದಲು ಸೊಗಸಾಗಿದೆ, ನಾನೂ ಓದಿದ್ದೇನೆ. ಆದರೆ ದಾರಿ ತಪ್ಪಬೇಡಿ. ಹಾಗೆ ಬರೆಯಲು ವಿಷಯ ಗೊತ್ತಿರಬೇಕು.

ಸುಲಭದ ಪ್ರಶ್ನೆ ಸಿಕ್ಕಿತೆನ್ನಿ. ನಿಮ್ಮ ಹಾಗೆಯೇ ಇನ್ನೂ ನಲವತ್ತು ಜನ ಅದನ್ನು ಕಂಡಿರುತ್ತಾರೆ. ಈಗ ಓದಬೇಡಿ, ಬರೆಯಿರಿ. ಮೊದಲು ಬಂದ ಉತ್ತರಕ್ಕೆ ಮೊದಲ ಮತ, ಮೊದಲ ಮತ ಬಿದ್ದದ್ದು ಮೇಲೆ, ಮೇಲಿದ್ದದ್ದಕ್ಕೆ ಮತ್ತಷ್ಟು ಮತ. ಉತ್ತರಕ್ಕೆ ಕನಿಷ್ಠ ಮೂವತ್ತು ಅಕ್ಷರ ಬೇಕು. ಮೂವತ್ತೊಂದನೆಯದನ್ನು ಟೈಪ್ ಮಾಡುತ್ತ ಕೂರಬೇಡಿ. ಅರ್ಧ ವಾಕ್ಯ ಹಾಕಿ, ಪೋಸ್ಟ್ ಒತ್ತಿ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಿರಲ್ಲ, ಅದೇ ಇದು. ಆಮೇಲೆ ನಿಧಾನವಾಗಿ ಹತ್ತಿ. ಪೋಸ್ಟ್ ಮಾಡಿದ ಐದು ನಿಮಿಷದೊಳಗೆ ನೀವೇ ಮಾಡುವ ತಿದ್ದುಪಡಿ ಇತಿಹಾಸದಲ್ಲಿ ಪ್ರತ್ಯೇಕವಾಗಿ ದಾಖಲಾಗುವುದಿಲ್ಲ. ಆ ಐದು ನಿಮಿಷದಲ್ಲಿ ಪ್ರಶ್ನೆಯನ್ನು ಓದಿ. ಕೆಳಗೆ ಬಂದ ಉತ್ತರಗಳನ್ನೂ ಓದಿ. ಅವುಗಳಲ್ಲಿ ಚೆನ್ನಾಗಿರುವುದನ್ನು ನಿಮ್ಮ ಮಾತಿನಲ್ಲಿ ಮೇಲಕ್ಕೆ ತನ್ನಿ. ಪೂರ್ತಿ ಬರೆದು ಮುಗಿಸಿದಾಗ ನೀವು ಮೊದಲು ಬಂದವರು, ಸಮಗ್ರವಾಗಿ ಬರೆದವರು, ಎರಡೂ ಆಗಿರುತ್ತೀರಿ. ಕೆಳಗಿನವನು ನಿಮ್ಮದನ್ನೇ ಕದ್ದಂತೆ ಕಾಣುತ್ತಾನೆ. ಅವನಿಗೆ ಒಂದು ಮುದ್ದಾದ ಕಾಮೆಂಟ್ ಬರೆದು ತಿಳಿಸಿ.

ಉತ್ತರ ತಪ್ಪೆಂದು ಗೊತ್ತಾಗಿ ಡೌನ್‌ವೋಟ್ ಬೀಳತೊಡಗಿದರೆ ವಾದಕ್ಕೆ ನಿಲ್ಲಬೇಡಿ. ಅಳಿಸಿ. ಹೋದ ಅಂಕವೂ ವಾಪಸ್ ಬರುತ್ತದೆ. ಮೈನಸ್ ಮೂರಕ್ಕೆ ಇಳಿದ ಮೇಲೆ ಅಳಿಸಿದರೆ ಪೀರ್ ಪ್ರೆಶರ್ ಎಂಬ ಬ್ಯಾಡ್ಜ್ ಕೂಡ ಕೊಡುತ್ತಾರೆ. ಓಡಿಹೋದದ್ದಕ್ಕೆ ಪದಕ ಕೊಡುವ ಸೈನ್ಯ ಬೇರೆಲ್ಲೂ ಸಿಗದು. ಒಂದು ವಾರವಾದರೂ ಯಾರೂ ಉತ್ತರಿಸದ, ಕಾಮೆಂಟ್ ಹಾಕದ, ಹೆಚ್ಚಾಗಿ ಕಣ್ಣೆತ್ತಿಯೂ ನೋಡದ ಪ್ರಶ್ನೆ ಕೇಳಿದವರಿಗೂ ಟಂಬಲ್‌ವೀಡ್ ಎಂಬ ಬ್ಯಾಡ್ಜ್ ಇದೆ. ನೂರು ದಿನ ಒಂದೂ ತಪ್ಪದೆ ಹಾಜರಿ ಹಾಕಿದವರಿಗೆ ಫನ್ಯಾಟಿಕ್. ಹನಿಮೂನಿಗೆ ಕೊಡಗಿಗೆ ಹೋಗುವವರು ಸಿಗ್ನಲ್ ಇರುವ ಹೋಂಸ್ಟೇ ನೋಡಿಕೊಳ್ಳಿ.

ಪ್ರತಿಸ್ಪರ್ಧಿಯ ಉತ್ತರ ನಿಮ್ಮದಕ್ಕಿಂತ ಮೇಲೆ ಏರುತ್ತಿದ್ದರೆ ಡೌನ್‌ವೋಟ್ ಇದೆ. ಅವನಿಗೆ ಎರಡು ನಷ್ಟ, ಉತ್ತರಕ್ಕೆ ಹಾಕಿದರೆ ನಿಮಗೂ ಒಂದು ನಷ್ಟ. ಒಂದು ಕೊಟ್ಟು ಎರಡು ಕೆಡಿಸುವ ವ್ಯವಹಾರ ಹಳ್ಳಿಯ ಗಡಿ ತಗಾದೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ, ಲಾಭದ್ದೆಂದೇ ತಿಳಿಯಿರಿ. ಯಾರು ಹಾಕಿದರೆಂದು ಯಾರಿಗೂ ಕಾಣುವುದಿಲ್ಲ. ಕಾರಣ ಬರೆಯಬೇಕೆಂಬ ಕಡ್ಡಾಯವೂ ಇಲ್ಲ. ಪ್ರಶ್ನೆಗೆ ಹಾಕುವ ಡೌನ್‌ವೋಟ್ ನಿಮಗೆ ಪುಕ್ಕಟೆ; ಕೈಬಿಚ್ಚಿ ಹಾಕಿ.

ಉತ್ತರ ಬರೆಯಲು ಏನೂ ತೋಚದ ದಿನ ತಿದ್ದುವ ಕೆಲಸ ಮಾಡಿ. ಎರಡು ಸಾವಿರ ಅಂಕ ಆಗುವವರೆಗೆ ನೀವು ಸೂಚಿಸಿದ ತಿದ್ದುಪಡಿ ಅಂಗೀಕಾರವಾದರೆ ಎರಡು ಅಂಕ, ಒಟ್ಟು ಸಾವಿರದವರೆಗೆ. ಕನಿಷ್ಠ ಆರು ಅಕ್ಷರವಾದರೂ ಬದಲಾಗಿರಬೇಕು. ಎಲ್ಲಿ ಹುಡುಕುವುದೆಂದು ಚಿಂತೆ ಬೇಡ. ನಮ್ಮ ಕಡೆಯ ಹುಡುಗರ ಪ್ರಶ್ನೆಗಳನ್ನು ತೆರೆಯಿರಿ. ‘ಹಲೋ ಸರ್, ನಾನು ಹೊಸಬ, ದಯವಿಟ್ಟು ಸಹಾಯ ಮಾಡಿ, ಮುಂಗಡವಾಗಿ ಥ್ಯಾಂಕ್ಸ್’ ಎಂದು ಇದ್ದೇ ಇರುತ್ತದೆ. ನಮಸ್ಕಾರ, ಧನ್ಯವಾದಗಳು ಈ ತಾಣದಲ್ಲಿ ಕಸವೆಂದು ಲೆಕ್ಕ. ಗುಡಿಸಿ. ಇಂಗ್ಲಿಷಿನಲ್ಲಿ ಥ್ಯಾಂಕ್ಸ್‌ಗೆ ಲೆಕ್ಕ ಹಾಕಿದಂತೆ ಸರಿಯಾಗಿ ಆರು ಅಕ್ಷರ. ಒಬ್ಬರ ಸೌಜನ್ಯಕ್ಕೆ ಎರಡು ಅಂಕದಂತೆ ಗುಡಿಸಿದರೆ ತಿಂಗಳಲ್ಲಿ ತಕ್ಕಮಟ್ಟಿಗೆ ಗಣ್ಯರಾಗುತ್ತೀರಿ.

ಬೌಂಟಿ ಎಂದರೆ ಕಷ್ಟದಲ್ಲಿರುವವನು ತನ್ನ ಅಂಕವನ್ನೇ ಪಣಕ್ಕಿಟ್ಟು ಉತ್ತರ ಬೇಡುವುದು. ಐವತ್ತರಿಂದ ಐನೂರರವರೆಗೆ ಇಡಬಹುದು, ಇಟ್ಟ ಕೂಡಲೇ ಅವನ ಖಾತೆಯಿಂದ ಹೋಯಿತು, ಉತ್ತರ ಬರದಿದ್ದರೂ ವಾಪಸ್ ಇಲ್ಲ. ಗಡುವು ಒಂದು ವಾರ. ನೀವು ಮೊದಲ ದಿನವೇ ಓಡಬೇಡಿ. ಅವನು ಯಾರಿಗೂ ಕೊಡದೆ ಸುಮ್ಮನಾದರೆ, ಬೌಂಟಿ ಶುರುವಾದ ಮೇಲೆ ಬಂದ ಉತ್ತರಗಳಲ್ಲಿ ಕನಿಷ್ಠ ಎರಡು ಮತವಿರುವ, ಎಲ್ಲಕ್ಕಿಂತ ಮೇಲಿರುವ ಒಂದಕ್ಕೆ ಅರ್ಧ ಮೊತ್ತ ತಾನಾಗಿ ಸಲ್ಲುತ್ತದೆ. ಅಂದರೆ ಉತ್ತರದಿಂದ ಅವನ ತೊಂದರೆ ಕಳೆಯಬೇಕೆಂದೇನಿಲ್ಲ. ಎರಡು ಮತ ಬಿದ್ದರೆ ಸಾಕು. ಎರಡು ಮತಕ್ಕೆ ಸ್ನೇಹಿತರು ಯಾಕೆ ಇರುವುದು?

ಸ್ನೇಹಿತರ ವಿಷಯದಲ್ಲಿ ಎಚ್ಚರ. ಊಟವಾದ ಮೇಲೆ ಟೀಮಿನವರನ್ನೆಲ್ಲ ಕೂರಿಸಿ ನಿಮ್ಮ ಹಳೆಯ ಉತ್ತರಗಳಿಗೆ ಸಾಲಾಗಿ ಮತ ಹಾಕಿಸುವ ಉಮೇದು ಎಲ್ಲರಿಗೂ ಒಮ್ಮೆ ಬರುತ್ತದೆ. ತಾಣದಲ್ಲಿ ಇದನ್ನು ಹಿಡಿಯುವ ಪ್ರೋಗ್ರಾಂ ಪ್ರತಿದಿನ ಓಡುತ್ತದೆ. ಒಬ್ಬನೇ ಒಬ್ಬನಿಗೆ ಸಾಲುಸಾಲಾಗಿ ಹಾಕಿದ ಮತಗಳನ್ನು ಕಂಡುಹಿಡಿದು ರದ್ದು ಮಾಡುತ್ತದೆ, ಬಂದ ಅಂಕ ಬಂದ ದಾರಿಯಲ್ಲೇ ಹೋಗುತ್ತದೆ. ಸುಳ್ಳು ಹೆಸರಿನ ಎರಡನೆಯ ಖಾತೆ ತೆರೆದು ನಿಮ್ಮನ್ನು ನೀವೇ ಹೊಗಳಿಕೊಂಡು ಸಿಕ್ಕಿಬಿದ್ದರೆ ಅಮಾನತು. ಅಮಾನತಿನ ಅಷ್ಟೂ ದಿನ ನಿಮ್ಮ ಹೆಸರಿನ ಪಕ್ಕ ಒಂದು ಎಂಬ ಅಂಕಿ ನಿಂತಿರುತ್ತದೆ. ಹೀಗಾಗಿ ಸ್ನೇಹಿತರಿಗೆ ಸಂಯಮ ಕಲಿಸಿ. ವಾರಕ್ಕೊಂದು, ಬೇರೆ ಬೇರೆ ಹೊತ್ತಿನಲ್ಲಿ, ನಡುವೆ ಅಪರಿಚಿತರಿಗೂ ಒಂದೆರಡು. ಪ್ರಾಮಾಣಿಕರಂತೆ ಕಾಣಲು ಪ್ರಾಮಾಣಿಕರಿಗಿಂತ ಹೆಚ್ಚು ಶಿಸ್ತು ಬೇಕು.

ಅಂಕ ಕೂಡಿದಂತೆ ಅಧಿಕಾರ ಬರುತ್ತದೆ. ನಿಜ ಹೇಳಬೇಕೆಂದರೆ ಅಂಕ ಬೇಕಾಗಿರುವುದೇ ಇದಕ್ಕೆ. ಅಲ್ಲಿ ನೆಲೆನಿಂತ ಕಟ್ಟಳೆಯಂತೆ ಹದಿನೈದಕ್ಕೆ ಮೆಚ್ಚುವ ಹಕ್ಕು, ಐವತ್ತಕ್ಕೆ ಎಲ್ಲೆಂದರಲ್ಲಿ ಕಾಮೆಂಟ್ ಮಾಡುವ ಹಕ್ಕು, ನೂರಿಪ್ಪತ್ತೈದಕ್ಕೆ ತೆಗಳುವ ಹಕ್ಕು. ಎರಡು ಸಾವಿರಕ್ಕೆ ಯಾರ ಬರಹವನ್ನಾದರೂ ಕೇಳದೆ ತಿದ್ದಬಹುದು. ಮೂರು ಸಾವಿರಕ್ಕೆ ಪ್ರಶ್ನೆಯನ್ನು ಮುಚ್ಚಲು ಮತ ಹಾಕಬಹುದು. ಹತ್ತು ಸಾವಿರವಾದರೆ ಅಳಿಸಿಹೋದ ಬರಹಗಳೂ ಕಾಣುತ್ತವೆ, ಪೀರ್ ಪ್ರೆಶರ್ ಪದಕದವರ ಹಳೆಯ ತಪ್ಪುಗಳನ್ನು ಬಿಡುವಿದ್ದಾಗ ಓದಿ ಆನಂದಿಸಿ.

ಮೂರು ಸಾವಿರದ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿಯವರೆಗೆ ನೀವು ಉತ್ತರ ಕೊಡುವವರು; ಅಲ್ಲಿಂದ ಮೇಲೆ ಪ್ರಶ್ನೆಗೆ ಯೋಗ್ಯತೆ ಇದೆಯೇ ಎಂದು ನಿರ್ಧರಿಸುವವರು. ಎರಡನೆಯದರಲ್ಲಿ ಶ್ರಮ ಕಡಿಮೆ. ಮೊದಲು ಒಂದು ಪ್ರಶ್ನೆ ಮುಚ್ಚಲು ಐದು ಜನ ಬೇಕಿತ್ತು, 2019ರಲ್ಲಿ ಮೂವರಿಗೆ ಇಳಿಸಿದರು. ಅದೂ ತಡವೆನಿಸಿದರೆ ಚಿನ್ನದ ಟ್ಯಾಗ್ ಬ್ಯಾಡ್ಜ್ ಸಂಪಾದಿಸಿ: ಜಾವಾಸ್ಕ್ರಿಪ್ಟ್ ಎನ್ನಿ, ಪೈಥಾನ್ ಎನ್ನಿ, ಒಂದೇ ವಿಷಯದಲ್ಲಿ ಇನ್ನೂರು ಉತ್ತರ, ಅವುಗಳಿಗೆ ಒಟ್ಟು ಸಾವಿರ ಮತ. ಆಮೇಲೆ ಆ ವಿಷಯದ ಪ್ರಶ್ನೆಯನ್ನು ‘ಡುಪ್ಲಿಕೇಟ್’ ಎಂದು ನೀವೊಬ್ಬರೇ ಒಂದೇ ಏಟಿಗೆ ಮುಚ್ಚಬಹುದು.

ಮುಚ್ಚುವ ಕಲೆ ಇಷ್ಟೇ. ಶೀರ್ಷಿಕೆ ನೋಡಿ, ಕೆಳಗೆ ಇಳಿಯಬೇಡಿ. ಅಂಥದೇ ಶೀರ್ಷಿಕೆಯ ಹಳೆಯ ಪ್ರಶ್ನೆ ಹುಡುಕಿ, 2011ರದ್ದಾದರೂ ಸರಿ. ಅಲ್ಲಿನ ಉತ್ತರ ಈಗಿನ ಆವೃತ್ತಿಗೆ ಹೊಂದುವುದಿಲ್ಲ ಎಂದು ಹುಡುಗ ಗೋಗರೆದರೆ ‘ನೀವು ಏನೇನು ಪ್ರಯತ್ನಿಸಿದಿರಿ?’ ಎಂದು ಕೇಳಿ. ಪ್ರಯತ್ನಿಸಿದ್ದನ್ನು ಬರೆದರೆ ಪ್ರಶ್ನೆ ಉದ್ದವಾಯಿತೆನ್ನಿ. ಮೊಟಕು ಮಾಡಿದರೆ ವಿವರ ಸಾಲದೆನ್ನಿ. ಕೋಡಿನ ಚಿತ್ರ ಹಾಕಿದರೆ ಅಕ್ಷರ ಬೇಕೆನ್ನಿ, ಅಕ್ಷರ ಹಾಕಿದರೆ ಕನಿಷ್ಠ ಮಾದರಿ ಬೇಕೆನ್ನಿ. ದನಿ ಎತ್ತಬೇಡಿ. ನೀವು ತಾಣದ ಗುಣಮಟ್ಟ ಕಾಯುತ್ತಿದ್ದೀರಿ ಎಂಬುದು ವಾಕ್ಯದ ಪ್ರತಿ ಪದದಲ್ಲೂ ಕಾಣುತ್ತಿರಲಿ. ಅವನು ಮತ್ತೆ ಬಾರದಿದ್ದರೆ ಗುಣಮಟ್ಟ ಉಳಿಯಿತು.

ಗಳಿಸಿದ್ದನ್ನು ಏನು ಮಾಡುವುದೆಂದು ಕೆಲವರು ಕೇಳುತ್ತಾರೆ. ಖರ್ಚು ಮಾಡಲು ಬರುವುದಿಲ್ಲ. ಬೌಂಟಿ ಇಡಬಹುದು, ಆದರೆ ನಿಮಗೆ ಪ್ರಶ್ನೆಗಳೇ ಇಲ್ಲವಲ್ಲ. ಮೊದಲು ತಾಣದಲ್ಲೇ ಉದ್ಯೋಗದ ವಿಭಾಗವಿತ್ತು, ಕಂಪನಿಗಳು ಅಲ್ಲಿ ಜನ ಹುಡುಕುತ್ತಿದ್ದವು. ಅದನ್ನು 2022ರಲ್ಲಿ ಮುಚ್ಚಿದರು. ಅದಕ್ಕೂ ಒಂದು ವರ್ಷ ಮೊದಲು, 2021ರಲ್ಲಿ, ಪ್ರೋಸಸ್ ಎಂಬ ಕಂಪನಿ ಇಡೀ ತಾಣವನ್ನು 180 ಕೋಟಿ ಡಾಲರಿಗೆ ಕೊಂಡಿತು. ಪ್ರಶ್ನೆ ನಿಮ್ಮವರದ್ದು, ಉತ್ತರ ನಿಮ್ಮದು, ಕಸ ಗುಡಿಸಿದ್ದೂ ನೀವೇ. ಆ ವ್ಯವಹಾರದಿಂದ ನಿಮ್ಮ ಅಂಕದಲ್ಲಿ ಒಂದೂ ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಿ, ಸಮಾಧಾನ ತಂದುಕೊಳ್ಳಿ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂತು. ಅದು ಮೂವತ್ತು ಅಕ್ಷರ ಹಾಕಿ ಸೀಟು ಹಿಡಿಯುವುದಿಲ್ಲ. ಇಡೀ ಪುಟವನ್ನೇ ಒಂದು ಉಸಿರಿಗೆ ಬರೆಯುತ್ತದೆ, ತಪ್ಪಿದ್ದರೂ ನಿಮ್ಮಷ್ಟೇ ಧೈರ್ಯದಿಂದ. ಒಂದೇ ವಾರದಲ್ಲಿ ಜನ ಅದರ ಉತ್ತರಗಳನ್ನು ತಂದು ಇಲ್ಲಿ ಸುರಿಯತೊಡಗಿದರು, ಅಂಕಕ್ಕಾಗಿ. ಡಿಸೆಂಬರ್ ಮೊದಲ ವಾರದಲ್ಲೇ ತಾಣ ಅದನ್ನು ನಿಷೇಧಿಸಿತು. ನಿಷೇಧಕ್ಕೆ ಕೊಟ್ಟ ಕಾರಣವೆಂದರೆ, ಉತ್ತರಗಳು ಸರಿಯಿರುವಂತೆ ಕಾಣುತ್ತವೆ, ಬಹಳಷ್ಟು ಸಲ ಸರಿಯಿರುವುದಿಲ್ಲ. ಓದಿ ಯಾರೂ ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ. ಆಮೇಲೆ ಪ್ರಶ್ನೆ ಕೇಳುವವರೇ ಕಡಿಮೆಯಾದರು. ಯಂತ್ರ ಥ್ಯಾಂಕ್ಸ್ ಅಂದರೆ ಅಳಿಸುವುದಿಲ್ಲ, ಏನು ಪ್ರಯತ್ನಿಸಿದೆ ಎಂದು ಕೇಳುವುದಿಲ್ಲ.

2024ರ ಮೇ ತಿಂಗಳಲ್ಲಿ ತಾಣವು ಚಾಟ್‌ಜಿಪಿಟಿಯ ಕಂಪನಿಯೊಂದಿಗೇ ಒಪ್ಪಂದ ಮಾಡಿಕೊಂಡಿತು. ಸಿಟ್ಟಾದ ಕೆಲವರು ತಮ್ಮ ಹಳೆಯ ಉತ್ತರಗಳನ್ನು ತಾವೇ ಕೆಡಿಸಹೊರಟರು. ಅವರ ಖಾತೆಗಳನ್ನು ಅಮಾನತಿನಲ್ಲಿಟ್ಟು ಉತ್ತರಗಳನ್ನು ಮೊದಲಿನಂತೆ ಮಾಡಲಾಯಿತು. ನೀವು ಆ ಗೋಜಿಗೆ ಹೋಗಬೇಡಿ. ಪೋಸ್ಟ್ ಒತ್ತಿದಾಗಲೇ ಹಿಂಪಡೆಯಲಾಗದ ಪರವಾನಗಿ ಕೊಟ್ಟಿದ್ದೀರಿ. ಓದದೆ ಒತ್ತಿದಿರೆಂದು ಹೇಳಿಕೊಳ್ಳಬೇಡಿ, ನೀವು ಪ್ರಶ್ನೆಗಳನ್ನೂ ಓದದೆಯೇ ಒತ್ತುತ್ತಿದ್ದವರು.

ಪ್ರಶ್ನೆಗಳ ಬರ ಬಂದಿರುವ ಈ ಕಾಲದಲ್ಲಿ ಹೊಸ ಪ್ರಶ್ನೆಗಳನ್ನು ಕಚೇರಿಯಲ್ಲೇ ಬೆಳೆದುಕೊಳ್ಳಬೇಕು. ನಿಮ್ಮ ಸಾಲಿನ ಕೊನೆಯ ಕುರ್ಚಿಯಲ್ಲಿ ಈ ವರ್ಷ ಸೇರಿದ ಹಾಸನದ ಕಡೆಯ ಹುಡುಗ ಇದ್ದಾನೆ. ಸಂಜೆ ಆರರ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದುಕೊಂಡೇ ಬಂದು ‘ಸರ್, ಒಂದು ಡೌಟಿತ್ತು’ ಎನ್ನುತ್ತಾನೆ. ಪರದೆ ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತದೆ, ಒಂದು ಬ್ರಾಕೆಟ್ ತಪ್ಪಿದೆ. ಬೆರಳು ತೋರಿಸಬೇಡಿ. ಬಾಯಲ್ಲಿ ಹೇಳಿದ ಉತ್ತರಕ್ಕೆ ಅಂಕವಿಲ್ಲ. ‘ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೇಳಪ್ಪ, ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ’ ಎಂದು ಹೆಗಲು ತಟ್ಟಿ ಕಳಿಸಿ. ಅವನು ತನ್ನ ಜಾಗಕ್ಕೆ ಹೋಗಿ ಖಾತೆ ತೆರೆದು, ಇಂಗ್ಲಿಷ್ ಸರಿಯಿದೆಯೇ ಎಂದು ಮೂರು ಸಲ ನೋಡಿ, ಹಲೋ ಸರ್ ಎಂದು ಶುರುಮಾಡಿ, ಥ್ಯಾಂಕ್ಸ್ ಎಂದು ಮುಗಿಸಿ ಪೋಸ್ಟ್ ಮಾಡುವವರೆಗೆ ಕಾಯಿರಿ. ನಂತರ ಡುಪ್ಲಿಕೇಟ್ ಎಂದು ಮುಚ್ಚಿ, ಕ್ಯಾಬ್ ಹಿಡಿಯಿರಿ.